ಫಿಸಿಯೋಥೆರಪಿಯ ಕರೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವನ್ನು ಪ್ಯಾಡ್ ಅಂಟಿಸುವ ಹೊತ್ತಿನಲ್ಲಿ ಕೇಳಿದರು. ಕೆಲವು ಪತ್ರದಲ್ಲಿ ಬಂದವು. ಇನ್ನು ಕೆಲವನ್ನು ಮನೆಯವರು ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳಿದರು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬಿಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

"ಕರೆಂಟ್ ಕೊಡ್ತಾರೆ" ಅಂತಾರಲ್ಲ, ಅದು ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತೆ?

ನರಗಳು ಮಾತಾಡುವುದೇ ವಿದ್ಯುತ್ತಿನಲ್ಲಿ. ಕೈ ಎತ್ತಬೇಕು ಅಂದುಕೊಂಡರೆ ಮೆದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ನರದಲ್ಲಿ ಸ್ನಾಯುವಿಗೆ ಒಂದು ಪುಟ್ಟ ಮಿಡಿತ ಓಡುತ್ತದೆ. ಸ್ನಾಯು ಬಿಗಿಯುತ್ತದೆ. ಮಷಿನ್ ಮಾಡುವುದಿಷ್ಟೇ: ಚರ್ಮದ ಮೇಲಿಂದ ನರವನ್ನು ತಟ್ಟಿ ಅದೇ ಮಿಡಿತವನ್ನು ನಡುದಾರಿಯಲ್ಲಿ ಹುಟ್ಟಿಸುತ್ತದೆ. ಅಪ್ಪಣೆ ಮೆದುಳಿನಿಂದ ಬಂತೋ ಪ್ಯಾಡಿನಿಂದ ಬಂತೋ ಸ್ನಾಯುವಿಗೆ ಗೊತ್ತಾಗುವುದಿಲ್ಲ.

"ನರಕ್ಕೆ ಶಕ್ತಿ ತುಂಬ್ತಾರೆ" ಎಂದು ಅನೇಕರು ನಂಬಿದ್ದಾರೆ, ಮೊಬೈಲ್ ಚಾರ್ಜ್ ಮಾಡಿದ ಹಾಗೆ. ಹಾಗೇನಿಲ್ಲ. ಸ್ವಿಚ್ ಆರಿಸಿದ ಮೇಲೆ ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ. ಉಳಿಯುವುದು ಎರಡು: ಸ್ನಾಯು ಪಟ್ಟ ಶ್ರಮ, ಮೆದುಳು ಕಲಿತ ಪಾಠ. ಬಲ ಮತ್ತು ಚಲನೆಗೆ ಕರೆಂಟ್ ಕೊಡುವುದು ಈ ಎರಡಕ್ಕೇ. ನೋವಿನ ಕಥೆ ಬೇರೆ, ಅದು ಮುಂದೆ ಬರುತ್ತದೆ.

ಶಾಕ್ ಹೊಡೆಯಲ್ವಾ? ನಮ್ಮಮ್ಮ ಭಯಕ್ಕೆ ಬೇಡವೇ ಬೇಡ ಅಂತಿದಾರೆ.

ಭಯ ಸಹಜ. ಮನೆಯ ಪ್ಲಗ್ಗಿನ ಕರೆಂಟಿಗೂ ಇದಕ್ಕೂ ಹೆಸರು ಮಾತ್ರ ಒಂದೇ. ಸ್ನಾಯುವಿಗೆ ಕೊಡುವಾಗ ಸಾಮಾನ್ಯವಾಗಿ ಸೆಕೆಂಡಿಗೆ 50 ಮಿಡಿತ, ಒಂದೊಂದರ ಅಗಲ 200ರಿಂದ 400 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಸೆಕೆಂಡ್). ಲೆಕ್ಕ ಹಾಕಿ ನೋಡಿ. 200 ಮೈಕ್ರೋಸೆಕೆಂಡಿನದಾದರೆ ಒಂದು ಸೆಕೆಂಡಿನಲ್ಲಿ ಕರೆಂಟ್ ಹರಿಯುವುದು ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಅಳತೆ ಮಿಲಿಆಂಪ್‌ನಲ್ಲಿ. ಅದನ್ನೂ ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾರೆ.

ಮೊದಲು ಇರುವೆ ಹರಿದ ಹಾಗೆ ಜುಮ್ ಅನ್ನುತ್ತದೆ. ಏರಿಸಿದರೆ ಸ್ನಾಯು ತಾನಾಗಿ ಹಿಡಿದುಕೊಳ್ಳುತ್ತದೆ. ನಿಮ್ಮ ಅಪ್ಪಣೆ ಇಲ್ಲದೆ ನಿಮ್ಮ ಕಾಲು ಏಳುವುದನ್ನು ನೋಡಿದಾಗ ಮೊದಲ ಸಲ ನಗು ಬರುತ್ತದೆ, ಇಲ್ಲವೇ ಗಾಬರಿ. ಆದರೆ ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಅಥವಾ ಉರಿದ ಹಾಗೆ ಆದರೆ ಸುಮ್ಮನಿರಬೇಡಿ, ಕೂಡಲೇ ಹೇಳಿ. ಪ್ಯಾಡ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಅಮ್ಮನಿಗೆ ಒಂದು ಉಪಾಯ: ಮೊದಲು ನಿಮ್ಮ ಕೈಗೆ ಹಾಕಿಸಿಕೊಂಡು ತೋರಿಸಿ. ನಾನು ಹೇಳಿದ ಹತ್ತು ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಟೆನ್ಸ್, ಐಎಫ್‌ಟಿ, ಎನ್‌ಎಂಇಎಸ್, ಎಫ್‌ಇಎಸ್... ಇವೆಲ್ಲ ಒಂದೇನಾ?

ಡಬ್ಬಿ ಒಂದೇ ಇರಬಹುದು, ಕೆಲಸ ಬೇರೆ. ಟೆನ್ಸ್ ನೋವಿಗೆ. ಅದು ಮುಖ್ಯವಾಗಿ ಸ್ಪರ್ಶದ ನರಗಳನ್ನು ತಟ್ಟುತ್ತದೆ. ಐಎಫ್‌ಟಿ ಕೂಡ ಹೆಚ್ಚಾಗಿ ನೋವಿಗೇ. ಸುಮಾರು 4000 ಹರ್ಟ್ಸ್‌ನ ಎರಡು ಕರೆಂಟ್‌ಗಳನ್ನು ಅಡ್ಡಡ್ಡ ಹಾಯಿಸುತ್ತಾರೆ; ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅನ್ನುವ ಲೆಕ್ಕ. ಒಂದು 4000, ಇನ್ನೊಂದು 4100 ಆದರೆ ಅವು ಬೆರೆತಲ್ಲಿ 100 ಹರ್ಟ್ಸ್‌ನ ಏರಿಳಿತ ಹುಟ್ಟುತ್ತದೆ. ಅದು ಆಳಕ್ಕೆ ಇಳಿಯುತ್ತದೆ ಎಂಬುದು ಅದರ ಹೆಗ್ಗಳಿಕೆ. ಟೆನ್ಸ್‌ಗಿಂತ ಅದೇ ಮೇಲು ಅಂತ ಅಡ್ಡಿಯಿಲ್ಲದೆ ಹೇಳುವಷ್ಟು ವ್ಯತ್ಯಾಸ ನನಗಂತೂ ಕಂಡಿಲ್ಲ.

ಎನ್‌ಎಂಇಎಸ್ ಸ್ನಾಯುವಿನ ಕಸರತ್ತು. ಚಲನೆಯ ನರವನ್ನು ತಟ್ಟಿ ಸ್ನಾಯುವನ್ನು ಬಿಗಿ ಹಿಡಿಸಿ ಬಿಡಿಸುವುದು. ಅದೇ ಬಿಗಿತವನ್ನು ನಡೆಯುವುದು, ಹಿಡಿಯುವುದು, ಸೈಕಲ್ ತುಳಿಯುವುದು ಇಂಥ ಕೆಲಸಕ್ಕೆ ಸರಿಯಾದ ಕ್ಷಣದಲ್ಲಿ ಜೋಡಿಸಿದರೆ ಎಫ್‌ಇಎಸ್. ನಿಮ್ಮ ಚೀಟಿಯಲ್ಲಿ ಬರೀ "ಸ್ಟಿಮ್ಯುಲೇಷನ್" ಅಂತ ಬರೆದಿದ್ದರೆ ಯಾವುದು ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇದು ಹೊಸ ವಿದ್ಯೆನಾ?

ಹಳೆಯದು, ಬಲು ಹಳೆಯದು. ಸುಮಾರು 2000 ವರ್ಷದ ಹಿಂದೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಗೌಟ್ ನೋವಿಗೂ ಶಾಕ್ ಹೊಡೆಯುವ ಟಾರ್ಪೆಡೊ ಮೀನನ್ನು ಇಡಲು ಬರೆದಿದ್ದ. 1791ರಲ್ಲಿ ಇಟಲಿಯ ಗ್ಯಾಲ್ವಾನಿ ಕಪ್ಪೆಕಾಲಿನ ಪ್ರಯೋಗಗಳನ್ನು ಪ್ರಕಟಿಸಿದ. 1850ರ ದಶಕದಲ್ಲಿ ಫ್ರಾನ್ಸಿನ ಡುಶೆನ್, ಚರ್ಮದ ಮೇಲಿಂದಲೇ ಒಂದೊಂದು ಸ್ನಾಯುವನ್ನು ಬೇರೆ ಬೇರೆಯಾಗಿ ಕುಣಿಸಿ ತೋರಿಸಿದ. ನಾವು ಈಗಲೂ ಪ್ಯಾಡ್ ಇಡಲು ಹುಡುಕುವ "ಮೋಟರ್ ಪಾಯಿಂಟ್"ಗಳ (ಕಡಿಮೆ ಕರೆಂಟಿಗೇ ಸ್ನಾಯು ಚೆನ್ನಾಗಿ ಎಳೆಯುವ ತಾಣಗಳ) ಕೆಲಸ ಅಲ್ಲಿಂದ ಬಂದದ್ದು.

ಯಾರು ಇದನ್ನು ತಗೋಬಾರದು?

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಐಸಿಡಿ (ಹೃದಯದ ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಇದ್ದರೆ, ಅದನ್ನು ನೋಡಿಕೊಳ್ಳುವ ಹೃದಯದ ಡಾಕ್ಟರ್ ಒಪ್ಪುವವರೆಗೆ ಬೇಡ. ಕಾಲಿನ ರಕ್ತನಾಳದಲ್ಲಿ ಹೊಸದಾಗಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಾಲಿಗೆ ಬೇಡ. ಕ್ಯಾನ್ಸರ್ ಗಡ್ಡೆ ಇರುವ ಜಾಗಕ್ಕೆ, ರಕ್ತ ಒಸರುವ ಅಥವಾ ಸೋಂಕಾದ ಜಾಗಕ್ಕೆ, ಗರ್ಭಿಣಿಯರ ಹೊಟ್ಟೆ–ಸೊಂಟಕ್ಕೆ ಬೇಡ. ಯಾರಿಗೇ ಆಗಲಿ, ಕತ್ತಿನ ಮುಂಭಾಗಕ್ಕೆ, ಕಣ್ಣಿನ ಮೇಲೆ, ಎದೆಯ ಅಡ್ಡಕ್ಕೆ ಪ್ಯಾಡ್ ಅಂಟಿಸಬೇಡಿ. ಕತ್ತಿನ ಬದಿಯಲ್ಲಿ ರಕ್ತದೊತ್ತಡವನ್ನು ಅಳೆಯುವ ಒಂದು ತಾಣವಿದೆ. ಅದನ್ನು ತಟ್ಟಿದರೆ ಬಿಪಿ ಸರ್ರನೆ ಇಳಿಯಬಹುದು. ಫಿಟ್ಸ್ ಬರುವವರು ಮೊದಲೇ ತಿಳಿಸಬೇಕು.

ಸುಲಭವಾಗಿ ಮರೆತುಹೋಗುವುದು ಸ್ಪರ್ಶ ಇಲ್ಲದ ಚರ್ಮ. ಸಕ್ಕರೆ ಕಾಯಿಲೆಯಿಂದಲೋ ನರದ ಪೆಟ್ಟಿನಿಂದಲೋ ಆ ಜಾಗ ಮರಗಟ್ಟಿದ್ದರೆ ಉರಿ ನಿಮಗೆ ಗೊತ್ತಾಗುವುದಿಲ್ಲ. ಅಂಥ ಕಡೆ ಕೊಡಲೇಬಾರದು ಅಂತಲ್ಲ. ಆದರೆ ಬೇರೆಯವರ ಕಣ್ಣು ಆ ಚರ್ಮದ ಮೇಲೆ ಇರಬೇಕು.

## ನೋವಿನ ಪ್ರಶ್ನೆಗಳು

ಟೆನ್ಸ್ ಹಾಕಿದಾಗ ನೋವು ಹೋಗುತ್ತೆ, ತೆಗೆದ ಮೇಲೆ ಮತ್ತೆ ಬರುತ್ತೆ. ಹಾಗಾದ್ರೆ ಏನು ಉಪಯೋಗ?

ಮೊಣಕೈ ತಗುಲಿದಾಗ ಕೈ ತಾನಾಗಿ ಹೋಗಿ ಉಜ್ಜುತ್ತದೆ, ಅಲ್ವಾ? ಉಜ್ಜಿದಾಗ ನೋವು ಕಡಿಮೆ ಅನಿಸುತ್ತದೆ. ಸ್ಪರ್ಶದ ಸುದ್ದಿ ದಪ್ಪ ನರನಾರುಗಳಲ್ಲಿ ಬಂದು, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ "ಗೇಟ್" ಸಿದ್ಧಾಂತದ ತಿರುಳು ಇದೇ. ಸೆಕೆಂಡಿಗೆ 80ರಿಂದ 120 ಮಿಡಿತದ ಟೆನ್ಸ್ ಒಂದು ರೀತಿ ದಣಿಯದೆ ಉಜ್ಜುವ ಕೈ. ಕೈ ತೆಗೆದರೆ ಬಾಗಿಲು ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆರೆಯುತ್ತದೆ. ಸೆಕೆಂಡಿಗೆ 2ರಿಂದ 4 ಮಿಡಿತ ಇಟ್ಟು ಸ್ನಾಯು ಅದುರುವಷ್ಟು ಏರಿಸಿದರೆ ದಾರಿ ಬೇರೆ. ಮೈಯೊಳಗಿನ ನೋವುನಿವಾರಕಗಳು ಹೊರಬರುತ್ತವೆ, ಪರಿಣಾಮ ನಿಧಾನವಾಗಿ ಶುರುವಾಗುತ್ತದೆ.

ಉಪಯೋಗ ಏನಂದರೆ, ಆ ಬಿಡುವಿನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದು. ಟೆನ್ಸ್ ಹಾಕಿಕೊಂಡೇ ನಡೆಯಿರಿ, ಮೆಟ್ಟಿಲು ಹತ್ತಿ, ವ್ಯಾಯಾಮ ಮಾಡಿ. ಮಲಗಿ ಟಿವಿ ನೋಡುತ್ತಾ ಹಾಕಿಕೊಂಡರೆ ಆ ಬಿಡುವು ಸುಮ್ನೆ ಕಳೆದುಹೋಗುತ್ತದೆ.

ಮೊದಮೊದಲು ಚೆನ್ನಾಗಿತ್ತು, ಈಗ ನಾಟ್ತಾನೇ ಇಲ್ಲ. ಮಷಿನ್ ಕೆಟ್ಟಿದೆಯಾ?

ಮಷಿನ್ ದೂರುವ ಮೊದಲು ಪ್ಯಾಡ್ ನೋಡಿ. ಜೆಲ್ ಒಣಗಿ ಧೂಳು ಹಿಡಿದಿದ್ದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಪ್ಯಾಡ್ ಸರಿ ಇದ್ದರೆ, ನಿಮ್ಮ ನರವ್ಯೂಹ ಒಗ್ಗಿಹೋಗಿದೆ. ದಿನಾ ಒಂದೇ ತಾಳ ಬಡಿದರೆ ಯಾರಾದರೂ ಕಿವಿಗೊಡುವುದು ಬಿಡುತ್ತಾರೆ. ಮಿಡಿತದ ವೇಗ ಬದಲಿಸಿ. ಕೂತ ಹತ್ತು ನಿಮಿಷಕ್ಕೆ ಜುಮ್ ಅನ್ನುವುದು ಮಂದವಾದರೆ ಒಂದು ಹಂತ ಏರಿಸಿ. "ಜೋರಾಗಿದೆ, ಆದರೂ ತಡೆದುಕೊಳ್ಳಬಹುದು" ಅನ್ನುವಷ್ಟು ಇರಬೇಕು. ಏನೋ ಇದೆಯೋ ಇಲ್ಲವೋ ಅನ್ನುವಷ್ಟರಲ್ಲಿ ಇಟ್ಟವರೇ ಹೆಚ್ಚಾಗಿ ನಾಟಲಿಲ್ಲ ಅನ್ನುವುದು. ಇನ್ನೊಂದು ಮಾತು: ಮಾರ್ಫಿನ್ ಜಾತಿಯ ನೋವಿನ ಮಾತ್ರೆಗಳನ್ನು ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಕಡಿಮೆ ವೇಗದ ಟೆನ್ಸ್ ಅಷ್ಟಾಗಿ ಹತ್ತದಿರಬಹುದು. ಎರಡೂ ಒಂದೇ ಬಾಗಿಲು ತಟ್ಟುತ್ತವೆ.

ಸೊಂಟ ನೋವಿಗೆ ತಿಂಗಳುಗಟ್ಟಲೆ ಬರೀ ಕರೆಂಟ್ ತಗೋತಿದ್ದೀನಿ. ಮುಂದುವರಿಸಲಾ?

ಬರೀ ಕರೆಂಟ್ ಆದರೆ, ನನ್ನ ಅಭಿಪ್ರಾಯದಲ್ಲಿ ಬೇಡ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಟೆನ್ಸ್, ಐಎಫ್‌ಟಿ ಕೊಡಬೇಡಿ ಅಂತಲೇ ಬರೆದಿದೆ. ಅದಕ್ಕೆ ಬೇಕಾದಷ್ಟು ಪುರಾವೆ ಸಿಗಲಿಲ್ಲ. ಕೆಲವರಿಗೆ ಆ ಹೊತ್ತಿಗೆ ಹಾಯೆನಿಸುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಾರಕ್ಕೆ ಐದು ದಿನ ಹೋಗಿ ಮಲಗಿ ಬರುವುದೇ ಚಿಕಿತ್ಸೆ ಆಗಿಬಿಟ್ಟರೆ, ಬೆನ್ನು ಗಟ್ಟಿಯಾಗುವ ಕೆಲಸ ಯಾವಾಗ ಮಾಡುತ್ತೀರಿ?

## ಸ್ನಾಯು ಗಟ್ಟಿ ಮಾಡುವುದು

ಮೊಣಕಾಲು ಆಪರೇಷನ್ ಆಗಿದೆ. ನಾನೇ ವ್ಯಾಯಾಮ ಮಾಡ್ತಿದ್ದೀನಲ್ಲ, ತೊಡೆಗೆ ಕರೆಂಟ್ ಯಾಕೆ?

ನೀವು ಮಾಡುತ್ತಿದ್ದೀರಿ, ಆದರೆ ತೊಡೆ ಪೂರ್ತಿ ಮಾಡುತ್ತಿಲ್ಲ. ಊದಿಕೊಂಡ ಮೊಣಕಾಲು ಬೆನ್ನುಹುರಿಗೆ "ಈ ಸ್ನಾಯುವನ್ನು ಸುಮ್ಮನಿರಿಸು" ಅಂತ ಸುದ್ದಿ ಕಳಿಸುತ್ತಿರುತ್ತದೆ. ನೋವೇ ಇಲ್ಲದಿದ್ದರೂ ಹೀಗಾಗುತ್ತದೆ. ನೀವೆಷ್ಟೇ ಮನಸ್ಸು ಮಾಡಿದರೂ ತೊಡೆಯ ಮುಂಭಾಗದ ಒಂದಷ್ಟು ನಾರುಗಳು ಏಳುವುದೇ ಇಲ್ಲ. ಮಂಡಿ ಕೀಲು ಬದಲಿಸಿದವರಲ್ಲಿ ಮೊದಲ ತಿಂಗಳಲ್ಲಿ ತೊಡೆಯ ಬಲ ಅರ್ಧಕ್ಕಿಂತ ಕೆಳಗೆ ಬೀಳುವುದುಂಟು. ಕರೆಂಟ್ ಆ ತಡೆಯನ್ನು ಸುತ್ತುಹಾಕಿ ಹೋಗಿ ನೇರ ನರವನ್ನು ತಟ್ಟುತ್ತದೆ. ಅದಕ್ಕೇ ಲಿಗಮೆಂಟ್ ಆಪರೇಷನ್ ಆದವರಿಗೂ ಮಂಡಿ ಬದಲಿಸಿದವರಿಗೂ ಮೊದಲ ವಾರಗಳಲ್ಲೇ ಶುರು ಮಾಡಿದರೆ ಲಾಭ ಜಾಸ್ತಿ. ವ್ಯಾಯಾಮದ ಜೊತೆಗೆ, ವ್ಯಾಯಾಮದ ಬದಲಿಗಲ್ಲ.

ಎಷ್ಟು ಜೋರು ಇಡಬೇಕು? ಎಷ್ಟು ಹೊತ್ತು?

ಬಲ ಬೇಕಾದರೆ ಧೈರ್ಯ ಬೇಕು. ಸ್ನಾಯು ಸ್ವಲ್ಪ ಮಿಸುಕಿದರೆ ಸಾಲದು, ಕಣ್ಣಿಗೆ ಕಾಣುವಂತೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನಿಮ್ಮ ಪೂರ್ತಿ ಬಲದ ಅರ್ಧದ ಹತ್ತಿರಕ್ಕೆ ಹೋದರೆ ಬಹಳ ಒಳ್ಳೆಯದು. ಮೊದಲ ದಿನವೇ ಅಲ್ಲಿಗೆ ಯಾರೂ ಮುಟ್ಟುವುದಿಲ್ಲ. ಮೂರು ನಾಲ್ಕು ಸಲ ಆದಮೇಲೆ ಮೈ ಒಗ್ಗುತ್ತದೆ.

ತೊಡೆಗೆ ರೂಢಿಯಲ್ಲಿರುವ ಲೆಕ್ಕ: ಸೆಕೆಂಡಿಗೆ 50ರಿಂದ 75 ಮಿಡಿತ, 10 ಸೆಕೆಂಡ್ ಬಿಗಿ, 50 ಸೆಕೆಂಡ್ ಬಿಡುವು, ಹೀಗೆ 10ರಿಂದ 15 ಸಲ, ವಾರಕ್ಕೆ ಎರಡು ಮೂರು ದಿನ. ಈ "10 ಬಿಗಿ, 50 ಬಿಡುವು" ಸೋವಿಯತ್ ರಷ್ಯಾದ ಯಾಕೊವ್ ಕೋಟ್ಸ್ ಕ್ರೀಡಾಪಟುಗಳಿಗೆ ಹಚ್ಚಿದ ಪದ್ಧತಿ. "ರಷ್ಯನ್ ಕರೆಂಟ್" ಅನ್ನುವ ಹೆಸರು ಅಲ್ಲಿಂದಲೇ ಬಂತು. ಬಿಡುವು ಅಷ್ಟೊಂದು ಯಾಕೆ ಅಂತ ಹೊಸಬರು ಬಟನ್ ಒತ್ತಿ ಕಡಿಮೆ ಮಾಡುತ್ತಾರೆ. ಮಾಡಬೇಡಿ. ಐದನೇ ಸಲಕ್ಕೇ ಸ್ನಾಯು ಕೈಕೊಡುತ್ತದೆ.

ಹತ್ತು ನಿಮಿಷಕ್ಕೇ ಸ್ನಾಯು ಸುಸ್ತಾಗುತ್ತೆ. ನಾನೇ ಮಾಡಿದ್ರೆ ಇಷ್ಟು ಸುಸ್ತಾಗಲ್ಲ, ಯಾಕೆ?

ಒಳ್ಳೆಯ ಗಮನ. ನೀವೇ ಮಾಡುವಾಗ ಮೆದುಳು ಜಾಣತನ ತೋರಿಸುತ್ತದೆ. ಮೊದಲು ದಣಿಯದ ಸಣ್ಣ ನಾರುಗಳನ್ನು ಕರೆಯುತ್ತದೆ, ಭಾರ ಹೆಚ್ಚಿದಾಗ ಮಾತ್ರ ದೊಡ್ಡವನ್ನು. ಜೊತೆಗೆ ಪಾಳಿ ಹಾಕುತ್ತದೆ. ಕೆಲವು ಕೆಲಸ ಮಾಡುವಾಗ ಕೆಲವು ಸುಧಾರಿಸಿಕೊಳ್ಳುತ್ತವೆ. ಮಷಿನ್‌ಗೆ ಈ ನಯ ಗೊತ್ತಿಲ್ಲ. ಪ್ಯಾಡಿಗೆ ಹತ್ತಿರ ಇರುವವು, ಬೇಗ ಸಿಡಿಯುವ ದಪ್ಪ ನಾರುಗಳು, ಪ್ರತಿ ಸಲವೂ ಅವೇ, ಎಲ್ಲ ಒಟ್ಟಿಗೆ. ಪಾಳಿ ಇಲ್ಲದ ಕಾರ್ಖಾನೆಯ ಹಾಗೆ. ಹಾಗಾಗಿ ಸುಸ್ತು ಬೇಗ, ಮರುದಿನ ಮೈಕೈ ನೋವೂ ಬರಬಹುದು. ಮಿಡಿತದ ವೇಗ ಇಳಿಸಿದರೆ ಸುಸ್ತು ಕಡಿಮೆ ಆಗುತ್ತದೆ. ಆದರೆ ತೀರಾ ಇಳಿಸಿ 20ಕ್ಕಿಂತ ಕೆಳಗೆ ಹೋದರೆ ಸ್ನಾಯು ಬಿಗಿಯುವ ಬದಲು ನಡುಗತೊಡಗುತ್ತದೆ.

ಪ್ಯಾಡ್ ಎಲ್ಲಿ, ಹೇಗೆ ಅಂಟಿಸಬೇಕು? ಚರ್ಮ ಕೆಂಪಾಗುತ್ತೆ, ಒಂದ್ಸಲ ಸುಟ್ಟೇ ಹೋಯ್ತು.

ಪ್ಯಾಡಿನ ಅಡಿ ತೆಳು ಗುಲಾಬಿ ಬಣ್ಣ ಬಂದು ಒಂದೆರಡು ಗಂಟೆಯಲ್ಲಿ ಮಾಯವಾದರೆ ಚಿಂತೆ ಬೇಡ. ಬೊಕ್ಕೆ ಬಂದರೆ, ಒಂದು ಚುಕ್ಕೆಯಷ್ಟು ಜಾಗ ಕರಕಲಾದರೆ ಅದು ಸುಟ್ಟದ್ದೇ. ಸಾಮಾನ್ಯ ಕಾರಣ ಅರ್ಧ ಎದ್ದ ಪ್ಯಾಡ್. ಇಡೀ ಪ್ಯಾಡಿನಲ್ಲಿ ಹಂಚಿಹೋಗಬೇಕಾದ ಕರೆಂಟ್ ಅಂಟಿಕೊಂಡ ಒಂದು ಮೂಲೆಯಿಂದ ನುಗ್ಗುತ್ತದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಣಗಿದ ಪ್ಯಾಡಿನ ಮೇಲೆ ಬರೀ ಟೇಪ್ ಸುತ್ತಿ ಒಬ್ಬರ ಮೊಣಕಾಲಿನ ಚರ್ಮ ಕೆಡಿಸಿದ್ದೇನೆ. ಎರಡು ವಾರ ಆ ಮಚ್ಚೆ ನೋಡಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ.

ಇನ್ನೊಂದು ಕಾರಣ ಕರೆಂಟಿನ ಬಗೆ. ಒಂದೇ ದಿಕ್ಕಿಗೆ ಹರಿಯುವ ಗ್ಯಾಲ್ವಾನಿಕ್ ಕರೆಂಟ್ ಪ್ಯಾಡಿನ ಅಡಿ ಕ್ಷಾರ, ಆಮ್ಲ ಸೇರಿಸುತ್ತದೆ. ಚರ್ಮ ಸುಡುವುದು ಆ ರಸಾಯನದಿಂದ. ಈಗಿನ ಸಣ್ಣ ಮಷಿನ್‌ಗಳಲ್ಲಿ ಹೆಚ್ಚಿನವು ಕರೆಂಟನ್ನು ಹೋದಷ್ಟೇ ವಾಪಸ್ ತರುತ್ತವೆ, ಹಾಗಾಗಿ ಆ ಅಪಾಯ ಕಡಿಮೆ.

ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ. ಎಣ್ಣೆ, ಕ್ರೀಮ್ ಇರಬಾರದು. ಕೂದಲು ಜಾಸ್ತಿ ಇದ್ದರೆ ಕತ್ತರಿಯಲ್ಲಿ ಕತ್ತರಿಸಿ. ಅದೇ ದಿನ ರೇಜರ್ ಹಾಕಿದರೆ ಉರಿಯುತ್ತದೆ. ಸ್ನಾಯುವಿಗಾದರೆ ಒಂದು ಪ್ಯಾಡನ್ನು ಅದರ ಉಬ್ಬಿದ ಭಾಗದ ಮೇಲೆ, ಇನ್ನೊಂದನ್ನು ಅದೇ ಸ್ನಾಯುವಿನ ಉದ್ದಕ್ಕೆ ಸ್ವಲ್ಪ ದೂರದಲ್ಲಿ ಇಡಿ. ಸರಿಯಾದ ತಾಣ ಸಿಕ್ಕರೆ ಕಡಿಮೆ ಕರೆಂಟಿಗೇ ಚೆನ್ನಾಗಿ ಎಳೆಯುತ್ತದೆ. ಸಿಕ್ಕ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಪ್ಯಾಡ್ ಕೀಳುವಾಗ ತುದಿ ಹಿಡಿದು ಕೀಳಿ, ವೈರ್ ಹಿಡಿದು ಎಳೆಯಬೇಡಿ. ದೊಡ್ಡ ಸ್ನಾಯುವಿಗೆ ದೊಡ್ಡ ಪ್ಯಾಡ್. ಚಿಕ್ಕದು ಚುಚ್ಚುತ್ತದೆ.

ಹೊಟ್ಟೆ ಕರಗಿಸೋ ಬೆಲ್ಟ್ ಕೂಡ ಇದೇ ಅಲ್ವಾ?

ತಂತ್ರ ಇದೇ, ಮಾತು ಸುಳ್ಳು. ಅದು ಹೊಟ್ಟೆಯ ಸ್ನಾಯುವನ್ನು ಸ್ವಲ್ಪ ಬಿಗಿಗೊಳಿಸಬಹುದು. ಮೇಲಿನ ಕೊಬ್ಬು ಅಲ್ಲೇ ಇರುತ್ತದೆ. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮೂರು ಬೆಲ್ಟ್‌ಗಳ ಮಾರಾಟಗಾರರ ಮೇಲೆ ಸುಳ್ಳು ಜಾಹೀರಾತಿನ ದೂರು ಹೂಡಿತ್ತು.

## ನರ ಮತ್ತು ಮೆದುಳಿನ ತೊಂದರೆಗಳು

ಸ್ಟ್ರೋಕ್ ಆಗಿ ಒಂದು ಕೈ ಬಿದ್ದಿದೆ. ಕರೆಂಟ್ ಕೊಟ್ರೆ ಕೈ ಬರುತ್ತಾ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ನೇರ ಉತ್ತರ: ಕರೆಂಟ್ ಒಂದರಿಂದಲೇ ಬರುವುದಿಲ್ಲ, ಆದರೆ ಬರುವ ಕೈಗೆ ನೆರವಾಗುತ್ತದೆ.

ಲಕ್ವದಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಬೆನ್ನುಹುರಿಯಿಂದ ಕೈಗೆ ಬರುವ ನರ ಗಟ್ಟಿಮುಟ್ಟಾಗಿದೆ, ಅದಕ್ಕೆ ಅಪ್ಪಣೆ ಸಿಗುತ್ತಿಲ್ಲ ಅಷ್ಟೇ. ಹಾಗಾಗಿ ಕರೆಂಟ್ ಕೊಟ್ಟರೆ ಬೆರಳು ಚೆನ್ನಾಗಿ ಬಿಚ್ಚಿಕೊಳ್ಳುತ್ತವೆ. ಅದನ್ನು ನೋಡಿ ಮನೆಯವರು "ಕೈ ಬಂತು!" ಅಂತ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಬಂದಿರುವುದು ಕೈಯಲ್ಲ, ನರ ಬದುಕಿದೆ ಅನ್ನುವ ಸುದ್ದಿ. ಅದೂ ಒಳ್ಳೆಯ ಸುದ್ದಿಯೇ.

ಮೆದುಳು ಮತ್ತೆ ದಾರಿ ಹುಡುಕಬೇಕಾದರೆ ಪ್ರಯತ್ನ ಒಳಗಿನಿಂದ ಬರಬೇಕು. ಕಣ್ಣು ಕೈಯ ಮೇಲೆ ಇರಲಿ. ಕರೆಂಟ್ ಏರುವ ಕ್ಷಣಕ್ಕೇ "ಬಿಚ್ಚು" ಅಂತ ನೀವೂ ಪ್ರಯತ್ನಪಡಿ. ಎದುರಿಗೆ ಒಂದು ಲೋಟ ಇರಲಿ, ಹಿಡಿಯಲು, ಬಿಡಲು. ಇದಕ್ಕಾಗಿಯೇ ಮಾಡಿದ ಮಷಿನ್‌ಗಳಿವೆ. ಒಂದು ಬಗೆಯದು ಸ್ನಾಯುವಿನಲ್ಲಿ ನೀವು ಹುಟ್ಟಿಸಿದ ಸಣ್ಣ ಮಿಡಿತವನ್ನು ಓದಿ, ಅದು ಒಂದು ಮಟ್ಟ ದಾಟಿದರೆ ಮಾತ್ರ ಕರೆಂಟ್ ಕೊಡುತ್ತದೆ. ಮೊದಲ ಹೆಜ್ಜೆ ನಿಮ್ಮದು, ಉಳಿದದ್ದು ಅದರದು. ಇನ್ನೊಂದು ಬಗೆಯಲ್ಲಿ ಒಳ್ಳೆಯ ಕೈಗೆ ಗ್ಲೌಸ್ ಹಾಕುತ್ತಾರೆ. ಆ ಕೈ ಎಷ್ಟು ಬಿಚ್ಚಿದರೆ ಬಿದ್ದ ಕೈಗೂ ಅಷ್ಟೇ ಕರೆಂಟ್. ಸ್ವಲ್ಪವಾದರೂ ಬೆರಳಾಡಿಸುವವರಿಗೆ ಲಾಭ ಜಾಸ್ತಿ. ಏನೇನೂ ಇಲ್ಲದವರಿಗೆ ಕಡಿಮೆ.

ಭುಜದ ಮಾತು ಬೇರೆ. ಸ್ನಾಯು ಸಡಿಲವಾಗಿ ತೋಳು ಭುಜದ ಕುಳಿಯಿಂದ ಕೆಳಗೆ ಜಾರುತ್ತಿದ್ದರೆ, ಮೊದಲ ವಾರಗಳಲ್ಲೇ ಭುಜದ ಮೇಲಿನ ಮತ್ತು ಹಿಂದಿನ ಸ್ನಾಯುಗಳಿಗೆ ದಿನಾ ಕೊಟ್ಟರೆ ಜಾರುವುದು ಕಡಿಮೆ ಆಗುತ್ತದೆ. ಇಲ್ಲಿ ನಿಮ್ಮ ಪ್ರಯತ್ನ ಇಲ್ಲದಿದ್ದರೂ ನಡೆಯುತ್ತದೆ. ಇದರಿಂದ ಕೈಯ ಕೆಲಸ ಸುಧಾರಿಸುತ್ತದೆ ಅಂತ ಮಾತ್ರ ನಿರೀಕ್ಷಿಸಬೇಡಿ.

ನಡೆಯುವಾಗ ಪಾದ ನೆಲಕ್ಕೆ ಉಜ್ಜುತ್ತೆ. ಕಾಲಿಗೆ ಕಟ್ಟೋ ಕರೆಂಟ್ ಪಟ್ಟಿ ಇದೆಯಂತೆ, ನಮಗೂ ಆಗುತ್ತಾ?

ಅದು ಪಾದ ಯಾಕೆ ಬಿದ್ದಿದೆ ಅನ್ನುವುದರ ಮೇಲೆ ನಿಂತಿದೆ. ಲಕ್ವ, ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳನ್ನು ಕೆಡಿಸುವ ಕಾಯಿಲೆ), ಮೆದುಳಿನ ಪೆಟ್ಟು ಇಂಥವಾದರೆ ಆಗಬಹುದು. ಸೊಂಟದ ಡಿಸ್ಕ್ ನರವನ್ನು ಒತ್ತಿ ಕೆಡಿಸಿದ್ದರೆ, ಮೊಣಕಾಲಿನ ಪಕ್ಕದ ನರ ಅಪಘಾತದಲ್ಲಿ ಕತ್ತರಿಸಿದ್ದರೆ, ಕುಷ್ಠರೋಗದಿಂದ ಹೋಗಿದ್ದರೆ ಆಗುವುದಿಲ್ಲ. ಪಟ್ಟಿ ತಟ್ಟುವುದು ಆ ನರವನ್ನೇ. ಅದೇ ಸತ್ತಿದ್ದರೆ ಏನನ್ನು ತಟ್ಟುವುದು? ಕೊಳ್ಳುವ ಮೊದಲು ಹತ್ತು ನಿಮಿಷ ಸಾಮಾನ್ಯ ಮಷಿನ್ ಇಟ್ಟು ಪಾದ ಮೇಲೇಳುತ್ತದಾ ಅಂತ ನೋಡಿದರೆ ಸಾಕು. ಈ ಸಣ್ಣ ಪರೀಕ್ಷೆ ಮಾಡದೆ ಕೊಂಡು ಕಪಾಟಿನಲ್ಲಿಟ್ಟವರನ್ನು ಕಂಡಿದ್ದೇನೆ.

ತಂತ್ರ 1961ರಲ್ಲಿ ಲಿಬರ್ಸನ್ ಮತ್ತು ಸಂಗಡಿಗರು ಮಾಡಿದ್ದು. ಹಿಮ್ಮಡಿ ಅಡಿ ಒಂದು ಸ್ವಿಚ್. ಹಿಮ್ಮಡಿ ಎದ್ದರೆ ಮೊಣಕಾಲಿನ ಹೊರಬದಿಯ ನರಕ್ಕೆ ಕರೆಂಟ್, ಪಾದ ಮೇಲೆ. ಹಿಮ್ಮಡಿ ನೆಲ ಮುಟ್ಟಿದರೆ ಬಂದ್. ಈಗಿನ ಕೆಲವು ಪಟ್ಟಿಗಳು ಕಾಲಿನ ಓರೆಯನ್ನು ತಾವೇ ಅಳೆಯುತ್ತವೆ. ನೈಸ್ 2009ರಲ್ಲಿ, ಮೆದುಳು–ಬೆನ್ನುಹುರಿಯ ಕಾರಣಕ್ಕೆ ಪಾದ ಬಿದ್ದವರಿಗೆ ಇದನ್ನು ಒಪ್ಪಿತು. ಆದರೂ ಒಂದು ಮಾತು: ನಡೆಯುವ ವೇಗದ ಲೆಕ್ಕದಲ್ಲಿ ಇದಕ್ಕೂ ಸಾದಾ ಪ್ಲಾಸ್ಟಿಕ್ ಪಾದಪಟ್ಟಿಗೂ ಅಂಥ ಅಂತರವಿಲ್ಲ. ಕಣಕಾಲು ಬಿಡುವಾಗಿ ಆಡುತ್ತದೆ, ಚಪ್ಪಲಿ ಹಾಕಬಹುದು ಅಂತ ಹಲವರು ಕರೆಂಟಿನದನ್ನು ಮೆಚ್ಚುತ್ತಾರೆ. ದಿನಾ ಪ್ಯಾಡ್ ಅಂಟಿಸುವ ರಗಳೆ ಬೇಡ ಅನ್ನುವವರು ಪ್ಲಾಸ್ಟಿಕ್ಕಿಗೆ ವಾಪಸ್ ಬರುತ್ತಾರೆ. ಎರಡೂ ಸರಿಯೇ.

ಕೈಯ ನರ ಕತ್ತರಿಸಿ ಹೊಲಿದಿದ್ದಾರೆ. ಎಷ್ಟು ಜಾಸ್ತಿ ಮಾಡಿದ್ರೂ ಮಾಂಸ ಅಲ್ಲಾಡ್ತಾನೇ ಇಲ್ಲ!

ಏರಿಸುವುದನ್ನು ನಿಲ್ಲಿಸಿ. ಸಾಮಾನ್ಯ ಮಷಿನ್ ತಟ್ಟುವುದು ನರವನ್ನು, ಸ್ನಾಯುವನ್ನಲ್ಲ. ನರದ ಸಂಪರ್ಕ ಕಡಿದ ಸ್ನಾಯುವನ್ನು ನೇರವಾಗಿ ಎಬ್ಬಿಸಬೇಕಾದರೆ ಮಿಡಿತ ಬಹಳ ಉದ್ದ ಇರಬೇಕು. ಮೈಕ್ರೋಸೆಕೆಂಡ್ ಸಾಲದು, 100 ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚು. ಅಂದರೆ ಐನೂರು ಪಟ್ಟು ಉದ್ದ. ಅದೂ ಮೆಲ್ಲಗೆ ಏರುವ ತ್ರಿಕೋನದ ಆಕಾರದಲ್ಲಿ ಕೊಟ್ಟರೆ ಪಕ್ಕದ ಒಳ್ಳೆಯ ಸ್ನಾಯುಗಳು ಒಗ್ಗಿಕೊಂಡು ಸುಮ್ಮನಿರುತ್ತವೆ, ನರವಿಲ್ಲದ್ದು ಮಾತ್ರ ಹುಳು ಹರಿದ ಹಾಗೆ ನಿಧಾನವಾಗಿ ಸೆಳೆಯುತ್ತದೆ. ಆ ನಿಧಾನದ ಸೆಳೆತ ಕಂಡರೆ ನರ ಇನ್ನೂ ತಲುಪಿಲ್ಲ ಅಂತಲೇ ಲೆಕ್ಕ.

ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಬೆರಳಿನ ಸ್ನಾಯುವಿಗೆ 300 ಮಿಲಿಮೀಟರ್ ಇದ್ದರೆ ಹತ್ತು ತಿಂಗಳು. ಅಷ್ಟರವರೆಗೆ ಸ್ನಾಯುವನ್ನು ಕರೆಂಟಿನಿಂದ ಕಾಪಾಡಬಹುದಾ ಅನ್ನುವುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಕೀಲುಗಳು ಹಿಡಿದುಕೊಳ್ಳದಂತೆ ದಿನಾ ಆಡಿಸುವುದು, ಸ್ಪ್ಲಿಂಟ್ ಹಾಕುವುದು, ಮರಗಟ್ಟಿದ ಚರ್ಮವನ್ನು ಬಿಸಿಯಿಂದ ಕಾಯುವುದು ಇವು ಮೊದಲು. ಹೊಲಿದ ಹೊತ್ತಿನಲ್ಲೇ 20 ಹರ್ಟ್ಸ್‌ನಲ್ಲಿ ಒಂದು ಗಂಟೆ ನರಕ್ಕೆ ಕರೆಂಟ್ ಕೊಟ್ಟರೆ ಬೆಳವಣಿಗೆ ಬೇಗ ಶುರುವಾಗುತ್ತದೆ ಅಂತ ಪ್ರಾಣಿಗಳಲ್ಲಿ ಚೆನ್ನಾಗಿ ಕಂಡಿದೆ. ಅದು ಆಪರೇಷನ್ ಥಿಯೇಟರಿನ ಕೆಲಸ, ಮನೆಯ ಮಷಿನ್ ಕೆಲಸವಲ್ಲ.

ಮುಖ ಒಂದು ಕಡೆ ಸೊಟ್ಟಗಾಗಿದೆ. ದಿನಾ ಮುಖಕ್ಕೆ ಕರೆಂಟ್ ಕೊಡಿಸಲಾ?

ಮೊದಲು ಅದು ಸ್ಟ್ರೋಕ್ ಅಲ್ಲ ಅಂತ ಡಾಕ್ಟರ್ ಹೇಳಲಿ. ಬೆಲ್ಸ್ ಪಾಲ್ಸಿಯೇ (ಮುಖದ ನರ ತಟ್ಟನೆ ಸೋತು ಮುಖ ಸೊಟ್ಟಗಾಗುವುದು) ಆದರೆ 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡುವುದೂ, ಮುಚ್ಚದ ಕಣ್ಣನ್ನು ಒಣಗದಂತೆ ಕಾಯುವುದೂ ಮುಖ್ಯ. ಏನೂ ಮಾಡದಿದ್ದರೂ ನೂರರಲ್ಲಿ ಸುಮಾರು 70 ಜನ ಪೂರ್ತಿ ಗುಣವಾಗುತ್ತಾರೆ. ಹಾಗಾಗಿಯೇ "ಕರೆಂಟಿನಿಂದ ವಾಸಿಯಾಯ್ತು" ಅನ್ನುವ ಕಥೆಗಳು ಅಷ್ಟೊಂದು. ಕರೆಂಟಿಗೆ ಗಟ್ಟಿ ಪುರಾವೆ ಇಲ್ಲ. ಜೋರಾಗಿ ಕೊಟ್ಟರೆ ಮುಂದೆ ಬಾಯಿ ಆಡಿಸಿದಾಗ ಕಣ್ಣು ಮುಚ್ಚುವಂಥ ಬೆರಕೆ ಚಲನೆ ಹೆಚ್ಚಬಹುದು ಅನ್ನುವ ಅಳುಕೂ ಇದೆ. ನಾನು ಕೊಡುವುದಿಲ್ಲ. ಕನ್ನಡಿ ಮುಂದೆ ಮೆಲ್ಲಗೆ ಮಾಡುವ ಮುಖದ ವ್ಯಾಯಾಮ ಹೇಳಿಕೊಡುತ್ತೇನೆ.

ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸ್ವಾಧೀನವಿಲ್ಲ. ಕರೆಂಟ್ ಸೈಕಲ್ ತುಳಿದ್ರೆ ಏನು ಸಿಗುತ್ತೆ?

ತೊಡೆಯ ಮುಂದೆ, ಹಿಂದೆ, ಪೃಷ್ಠಕ್ಕೆ ಪ್ಯಾಡ್ ಹಾಕಿ, ಪೆಡಲ್ ತಿರುಗಿದಂತೆ ಸರದಿಯಲ್ಲಿ ತಟ್ಟುತ್ತಾರೆ. ಕಾಲು ನಿಜವಾಗಿ ತುಳಿಯುತ್ತದೆ. ಸೊರಗಿದ ತೊಡೆ ತುಂಬಿಕೊಳ್ಳುತ್ತದೆ, ಹೃದಯಕ್ಕೆ ಕೆಲಸ ಸಿಗುತ್ತದೆ, ರಕ್ತ ಓಡುತ್ತದೆ. ನಡೆಸುವುದಿಲ್ಲ. ನಿಲ್ಲಿಸಿದರೆ ಗಳಿಸಿದ್ದು ಇಳಿಯುತ್ತದೆ. ಪೆಟ್ಟು ಬೆನ್ನುಹುರಿಯ ಬುಡದ ನರಗಳ ಗೊಂಚಲಿಗೇ ಬಿದ್ದಿದ್ದರೆ ಸಾಮಾನ್ಯ ಮಷಿನ್‌ಗೆ ಕಾಲು ಓಗೊಡುವುದಿಲ್ಲ.

ಎರಡು ಎಚ್ಚರ. ವರ್ಷಗಟ್ಟಲೆ ಭಾರ ಬೀಳದ ಕಾಲಿನ ಮೂಳೆ ತೆಳ್ಳಗಾಗಿರುತ್ತದೆ, ಜೋರು ಸೆಳೆತಕ್ಕೆ ಮುರಿಯಬಹುದು. ಎರಡನೆಯದು, ಬೆನ್ನಿನ 6ನೇ ಮಟ್ಟ (ಟಿ6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ತಟ್ಟನೆ ಬಿಪಿ ಏರಬಹುದು. ತಲೆ ಸಿಡಿಯುವಷ್ಟು ನೋವು, ಮುಖ ಕೆಂಪು, ಬೆವರು. ಕೂಡಲೇ ಕರೆಂಟ್ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯಾ ನೋಡಿ. ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಓಡಿ.

ಮೂತ್ರ ತಡೆಯೋಕಾಗಲ್ಲ. ಇದಕ್ಕೂ ಕರೆಂಟ್ ಇದೆಯಂತೆ, ಕೇಳೋಕೇ ನಾಚಿಕೆ.

ನಾಚಿಕೊಳ್ಳಬೇಡಿ, ಬಹಳ ಜನ ಕೇಳುತ್ತಾರೆ. ಕೆಮ್ಮಿದಾಗ ಸೋರುವುದಕ್ಕೆ ಕೆಳಗಿನ ಸ್ನಾಯುಗಳನ್ನು ಗಟ್ಟಿ ಮಾಡಲು 50 ಹರ್ಟ್ಸ್ ಸುತ್ತ ಕೊಡುತ್ತಾರೆ. ಆ ಸ್ನಾಯುವನ್ನು ತಾವಾಗಿ ಹಿಡಿಯಲು ಬರುವವರಿಗೆ ವ್ಯಾಯಾಮವೇ ಸಾಕು. ಅವಸರವಾಗಿ ಬಂದು ತಡೆಯಲಾಗದಿದ್ದರೆ 10ರಿಂದ 20 ಹರ್ಟ್ಸ್. ಅದನ್ನು ಕಣಕಾಲಿನ ಒಳಬದಿಯ ನರದಿಂದಲೂ ಕೊಡಬಹುದು: ಸಣ್ಣ ಸೂಜಿ, ವಾರಕ್ಕೊಮ್ಮೆ 30 ನಿಮಿಷ, 12 ವಾರ. ಪಾದಕ್ಕೂ ಮೂತ್ರಕೋಶಕ್ಕೂ ಏನು ನಂಟು ಅಂತೀರಾ? ಎರಡರ ನರಗಳೂ ಬೆನ್ನುಹುರಿಯ ಒಂದೇ ಭಾಗದಲ್ಲಿ ಸೇರುತ್ತವೆ.

ಒಳಗೇ ಕೂರಿಸೋ ಮಷಿನ್‌ನಿಂದ ಲಕ್ವಾ ಆದವರು ನಡೆದರು ಅಂತ ವಿಡಿಯೋ ನೋಡ್ದೆ. ನಿಜಾನಾ?

ವಿಡಿಯೋ ನಿಜ ಇರಬಹುದು, ಅದರ ಹಿಂದಿನ ತಿಂಗಳುಗಳು ಅದರಲ್ಲಿ ಕಾಣುವುದಿಲ್ಲ. 2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ, ಬೆನ್ನುಹುರಿಯ ಪೊರೆಯ ಮೇಲೆ ತಂತಿ ಕೂರಿಸಿದ, ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸ್ವಾಧೀನ ತಪ್ಪಿದ್ದ ಒಬ್ಬ ಯುವಕ ಕರೆಂಟ್ ಇದ್ದಾಗ ನಿಲ್ಲಬಲ್ಲವನಾದ. 2018ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ತಂಡಗಳು ಕೆಲವರನ್ನು ಹೆಜ್ಜೆ ಹಾಕಿಸಿದವು. ಇಲ್ಲಿ ಕರೆಂಟ್ ಸ್ನಾಯುವನ್ನು ಎಳೆಯುವುದಿಲ್ಲ. ಮಲಗಿದ ಬೆನ್ನುಹುರಿಯನ್ನು ಅರೆ ಎಚ್ಚರದಲ್ಲಿ ಇಡುತ್ತದೆ. ಮೇಲಿನಿಂದ ನುಸುಳಿ ಬರುವ ಕ್ಷೀಣ ಅಪ್ಪಣೆಗೂ ಆಗ ಅದು ಓಗೊಡುತ್ತದೆ. ಚರ್ಮದ ಮೇಲಿಂದಲೇ ಕುತ್ತಿಗೆಯ ಬೆನ್ನುಹುರಿಗೆ ಕೊಡುವ ಸಾಧನವೊಂದನ್ನು ಆ ಮಟ್ಟದಲ್ಲಿ ಪೆಟ್ಟಾದ 60 ಜನರ ಮೇಲೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ನೂರಕ್ಕೆ 72 ಜನರ ಕೈಯ ಬಲವೂ ಕೆಲಸವೂ ಸುಧಾರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ, ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಒಪ್ಪಿತು. ಸ್ಟ್ರೋಕ್ ಆದವರ ಕೈಗೆ, ವ್ಯಾಯಾಮದ ಒಂದೊಂದು ಚಲನೆಯ ಜೊತೆಗೆ ಕತ್ತಿನ ವೇಗಸ್ ನರವನ್ನು ತಟ್ಟುವ ಸಾಧನಕ್ಕೆ 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ಎಲ್ಲದರಲ್ಲೂ ದಿನಗಟ್ಟಲೆ ಬೆವರು ಸುರಿಸುವ ತರಬೇತಿ ಜೊತೆಗಿತ್ತು.

ಒಳಗೆ ಕೂರಿಸಿಕೊಳ್ಳುವ ಮೊದಲು ಫ್ರೀಹ್ಯಾಂಡ್ ಎಂಬ ಸಾಧನದ ಕಥೆ ತಿಳಿದಿರಲಿ. ಕುತ್ತಿಗೆ ಮುರಿದವರು ಒಂದು ಭುಜ ಕುಣಿಸಿ ಇನ್ನೊಂದು ಕೈಯಿಂದ ಫೋರ್ಕ್, ಪೆನ್ನು ಹಿಡಿಯುವಂತೆ ಅದು ಮಾಡುತ್ತಿತ್ತು. 1997ರಲ್ಲಿ ಎಫ್‌ಡಿಎ ಒಪ್ಪಿತ್ತು. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. 2001ರಲ್ಲಿ ತಯಾರಿಕೆ ನಿಂತಿತು, ಕೊಳ್ಳುವವರು ಸಾಕಷ್ಟಿರಲಿಲ್ಲ. ಮೈಯೊಳಗೆ ಸಾಧನ ಉಳಿದವರಿಗೆ ಬಿಡಿಭಾಗ ಯಾರು ಕೊಡಬೇಕು? ಡಾಕ್ಟರ ಹತ್ತಿರ ಹೋದಾಗ ಈ ಪ್ರಶ್ನೆಯನ್ನೂ ಕೇಳಿ: ಹತ್ತು ವರ್ಷ ಆದಮೇಲೆ ಬ್ಯಾಟರಿ ಸತ್ತರೆ ಯಾರಿಗೆ ಫೋನ್ ಮಾಡಲಿ?